ಔಷಧವೂ ಸ್ಮೃತಿಯೂ

ಉಣ್ಣಲು ಇಲ್ಲದವನ ಸಂಕಟವನ್ನು ಕುರಿತು ನಮ್ಮ ಶಾಸ್ತ್ರಗಳು ಆಡಿರುವ ಮಾತು ಎಲ್ಲರಿಗೂ ತಿಳಿದದ್ದು. ಉಂಡದ್ದು ಮಿತಿಮೀರಿ ತನ್ನ ಮೈಯನ್ನು ತಾನೇ ಹೊರಲಾರದವನ ಸಂಕಟವನ್ನು ಕುರಿತು ಅವು ಆಡಿರುವ ಮಾತು ಅಷ್ಟಾಗಿ ಪ್ರಸಿದ್ಧವಾಗಿಲ್ಲ. ಕುಳಿತಲ್ಲಿಯೇ ದುಡಿದು, ವಾಹನದಲ್ಲಿಯೇ ಸಂಚರಿಸಿ, ಹೊತ್ತುಗೊತ್ತಿಲ್ಲದೆ ತಿನ್ನುವ ಈ ಕಾಲದ ಜನಕ್ಕೆ ಮಾತ್ರ ಸ್ಥೌಲ್ಯವು ಅಂಟಿಕೊಂಡಿತೆಂದೂ, ಪೂರ್ವಿಕರೆಲ್ಲರೂ ಮಿತಾಹಾರಿಗಳಾಗಿ ದೃಢಕಾಯರಾಗಿ ಬಾಳಿದರೆಂದೂ ನಂಬುವುದು ನಮಗೆ ಹಿತವಾಗಿರುತ್ತದೆ. ಆ ನಂಬಿಕೆಗೆ ಆಧಾರವಿದ್ದಿದ್ದರೆ ಚರಕಸಂಹಿತೆಯು ತನ್ನ ಸೂತ್ರಸ್ಥಾನದ 21ನೆಯ ಅಧ್ಯಾಯದ ಬಹುಭಾಗವನ್ನು ಅತಿಸ್ಥೂಲನ ಮತ್ತು ಅತಿಕೃಶನ ವಿಚಾರಕ್ಕೆ ಮೀಸಲಿಡಬೇಕಾಗಿರಲಿಲ್ಲ. ಕೋಸಲದ ದೊರೆಯೊಬ್ಬನು ಊಟದ ಭಾರಕ್ಕೆ ಏದುಸಿರು ಬಿಡುತ್ತ ಬುದ್ಧನ ಮುಂದೆ ಬಂದು ಕುಳಿತ ಕಥೆಯನ್ನು ಪಾಳಿ ಪಿಟಕಗಳು ಜತನವಾಗಿ ಉಳಿಸಿಕೊಂಡು ಬರಬೇಕಾಗಿಯೂ ಇರಲಿಲ್ಲ.

ಈಗ ಮೈ ಇಳಿಸಬೇಕೆಂದು ಹೊರಟವನು ಚೂರ್ಣವನ್ನೋ ಕಷಾಯವನ್ನೋ ಗುಗ್ಗುಲುವಿನ ಮಾತ್ರೆಯನ್ನೋ ಕೈಗೆತ್ತಿಕೊಂಡು ಕೇಳುವುದು ಒಂದೇ ಪ್ರಶ್ನೆ: ಇದರಿಂದ ತೂಕ ಇಳಿಯುವುದೋ ಇಲ್ಲವೋ? ಈ ಪ್ರಶ್ನೆಯ ಒಡಲಲ್ಲಿ ಇನ್ನೊಂದು ಪ್ರಶ್ನೆ ಅಡಗಿದೆ. ಅದು ವೈದ್ಯನ ಅಧಿಕಾರವನ್ನು ಮೀರಿ ಧರ್ಮಜಿಜ್ಞಾಸೆಯ ಎಲ್ಲೆಯೊಳಕ್ಕೆ ಕಾಲಿಡುವಂಥದು. ನಾನು ಮಾಡಬೇಕಾದ ಸಂಯಮವನ್ನು ನನ್ನ ಪರವಾಗಿ ಒಂದು ಬೇರು ಮಾಡಿಕೊಡಬಲ್ಲುದೆ? ಪ್ರಾತಿನಿಧ್ಯವೆಂಬುದು ನಮ್ಮ ಕರ್ಮಶಾಸ್ತ್ರಕ್ಕೆ ಹೊಸತಲ್ಲ. ಋತ್ವಿಜರು ದಕ್ಷಿಣೆ ಪಡೆದು ಯಜ್ಞವನ್ನು ನಡೆಸಿಕೊಡುತ್ತಾರೆ, ಫಲವು ಯಜಮಾನನಿಗೆ ಸಲ್ಲುತ್ತದೆ. ರೋಗದಿಂದಲೋ ಮುಪ್ಪಿನಿಂದಲೋ ಅಶಕ್ತನಾದವನ ಉಪವಾಸವನ್ನು ಮಗನಾಗಲಿ ಪತ್ನಿಯಾಗಲಿ ಮಾಡಬಹುದೆಂದು ಧರ್ಮಶಾಸ್ತ್ರದ ನಿಬಂಧಕಾರರು ಒಪ್ಪಿದ್ದಾರೆ. ಹೀಗೆ ಉಪವಾಸದ ಪುಣ್ಯವು ಒಬ್ಬರಿಂದ ಇನ್ನೊಬ್ಬರಿಗೆ ಸಂದೀತು. ಆದರೆ ಮಗನು ಉಪವಾಸವಿದ್ದುದರಿಂದ ತಂದೆಯ ಹೊಟ್ಟೆ ಕರಗಿದ ದೃಷ್ಟಾಂತವನ್ನು ಯಾವ ನಿಬಂಧಕಾರನೂ ಕೊಟ್ಟಿಲ್ಲ. ಅದೃಷ್ಟಫಲಕ್ಕೆ ಪ್ರತಿನಿಧಿಯುಂಟು, ದೃಷ್ಟಫಲಕ್ಕೆ ಇಲ್ಲವೆಂದು ಇಲ್ಲಿಗೇ ವಿಚಾರವನ್ನು ಮುಗಿಸಿಬಿಡಬಹುದಾಗಿತ್ತು. ಆದರೆ ಔಷಧವು ನಮ್ಮ ಒಳಕ್ಕೇ ಇಳಿದು ನಮ್ಮ ಧಾತುಗಳೊಡನೆ ಕೆಲಸಮಾಡುವುದರಿಂದ, ಅದನ್ನು ಹೊರಗಿನ ಪ್ರತಿನಿಧಿಯೆನ್ನಬೇಕೋ ನಮ್ಮದೇ ಒಂದು ಅಂಗವೆನ್ನಬೇಕೋ ಎಂಬ ಸಂದೇಹ ಉಳಿಯುತ್ತದೆ. ಅದನ್ನು ಬಿಡಿಸಿಕೊಳ್ಳಲು ಆಯುರ್ವೇದವು ಈ ವಿಷಯದಲ್ಲಿ ನಿಜವಾಗಿ ಏನು ಹೇಳಿದೆಯೆಂಬುದನ್ನು ಮೊದಲು ನೋಡಬೇಕು.

ಚರಕನ ಆ ಅಧ್ಯಾಯದಲ್ಲಿ ಶರೀರದ ದೃಷ್ಟಿಯಿಂದ ನಿಂದಿತರಾದವರೆಂದು ಎಂಟು ಮಂದಿಯ ಎಣಿಕೆಯಿದೆ: ಅತಿ ಎತ್ತರದವನು, ಅತಿ ಗಿಡ್ಡನು, ಮೈತುಂಬ ರೋಮವುಳ್ಳವನು, ರೋಮವೇ ಇಲ್ಲದವನು, ಅತಿ ಕಪ್ಪಾದವನು, ಅತಿ ಬಿಳುಪಾದವನು, ಅತಿಸ್ಥೂಲನು, ಅತಿಕೃಶನು. ಇವರಲ್ಲಿ ಕೊನೆಯ ಇಬ್ಬರನ್ನು ಆರಿಸಿಕೊಂಡು, ಆ ಇಬ್ಬರಲ್ಲಿಯೂ ಸ್ಥೂಲನ ಪಾಡೇ ಹೆಚ್ಚು ಕಷ್ಟದ್ದೆಂದು ಆಚಾರ್ಯನು ತೀರ್ಮಾನಿಸುತ್ತಾನೆ. ಆಯುಸ್ಸಿನ ಹ್ರಾಸ, ಚಲನೆಯ ಮಂದತೆ, ದಾಂಪತ್ಯಸುಖದಲ್ಲಿ ಕಷ್ಟ, ದೌರ್ಬಲ್ಯ, ದುರ್ಗಂಧ, ಬೆವರಿನ ಬಾಧೆ, ಅತಿಯಾದ ಹಸಿವು, ಅತಿಯಾದ ಬಾಯಾರಿಕೆ ಎಂಬೀ ಎಂಟು ದೋಷಗಳು ಅವನಿಗೆ ಒದಗುವುವು. ಕಾರಣಗಳನ್ನು ಹೇಳುವಾಗ ತುಂಬ ಉಣ್ಣುವುದು, ಗುರುವೂ ಮಧುರವೂ ಶೀತವೂ ಸ್ನಿಗ್ಧವೂ ಆದ ಪದಾರ್ಥಗಳ ಸೇವನೆ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ರೆ ಎಂಬ ನಮಗೆಲ್ಲ ತಿಳಿದ ಸಂಗತಿಗಳ ಜತೆಗೆ, ಸದಾ ಹರ್ಷದಿಂದಿರುವುದು, ಯಾವ ಚಿಂತನೆಯನ್ನೂ ಮಾಡದಿರುವುದು, ಬೀಜಸ್ವಭಾವ ಎಂಬ ಮೂರನ್ನು ಅವನು ಸೇರಿಸಿದ್ದಾನೆ. ತಂದೆತಾಯಿಗಳಿಂದ ಬಂದ ಬೀಜದ ಸ್ವಭಾವವನ್ನು ಅಷ್ಟು ಹಿಂದೆಯೇ ಗುರುತಿಸಿದ್ದು ಒಂದು ವಿಶೇಷ. ಚಿಂತನೆಯಿಲ್ಲದಿರುವುದನ್ನು ಮೇದಸ್ಸಿನ ಕಾರಣಗಳಲ್ಲಿ ಒಂದಾಗಿ ಎಣಿಸಿದ್ದು ಅದಕ್ಕಿಂತಲೂ ದೊಡ್ಡ ವಿಶೇಷ.

ಸ್ಥೂಲನಿಗೆ ಹಸಿವು ಹೆಚ್ಚೇಕೆಂಬುದಕ್ಕೆ ಕೊಟ್ಟಿರುವ ವಿವರಣೆಯು ವೈದ್ಯಕದ ದೃಷ್ಟಿಯಿಂದ ಹೇಗೋ ಹಾಗೆ ಕರುಣೆಯ ದೃಷ್ಟಿಯಿಂದಲೂ ಮನನೀಯವಾಗಿದೆ. ಮೇದಸ್ಸು ಸ್ರೋತಸ್ಸುಗಳ ದಾರಿಯನ್ನು ಅಡ್ಡಗಟ್ಟಲಾಗಿ, ವಾಯುವು ಕೋಷ್ಠದಲ್ಲಿಯೇ ವಿಶೇಷವಾಗಿ ಸಂಚರಿಸುತ್ತ ಜಠರಾಗ್ನಿಯನ್ನು ಊದಿ ಉರಿಸುತ್ತದೆ. ಉಂಡದ್ದು ಬೇಗ ಜೀರ್ಣವಾಗಿ ಮತ್ತೆ ಅನ್ನದ ಬಯಕೆಯಾಗುತ್ತದೆ. ಆ ಹೊತ್ತು ತಪ್ಪಿದರೆ ಅಗ್ನಿಯೂ ವಾಯುವೂ ಕೂಡಿ, ಕಾಳ್ಗಿಚ್ಚು ಅಡವಿಯನ್ನು ಹೇಗೋ ಹಾಗೆ ಅವನನ್ನು ಪೀಡಿಸುತ್ತವೆ. ಅಂದಮೇಲೆ ಸ್ಥೂಲನ ಹಸಿವು ನಟನೆಯಲ್ಲ, ಬರಿಯ ನಾಲಗೆಯ ಚಾಪಲ್ಯವೂ ಅಲ್ಲ. ಅವನ ವ್ಯಾಧಿಯೇ ತನ್ನ ಆಹಾರವನ್ನು ಅವನ ಬಾಯಿಂದ ಕೇಳುತ್ತಿರುವುದು. ಹೊಟ್ಟೆತುಂಬ ಉಣಿಸಿದರೆ ಮೇದಸ್ಸು ಬೆಳೆಯುತ್ತದೆ, ಉಣಿಸದಿದ್ದರೆ ಅಗ್ನಿ ಸುಡುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಆಚಾರ್ಯನು ಕಂಡುಕೊಂಡ ಸೂತ್ರವೇ ಗುರುವಾಗಿಯೂ ಅಪತರ್ಪಣವಾಗಿಯೂ ಇರುವ ಆಹಾರ. ಎಂದರೆ ಜೀರ್ಣಿಸಲು ಹೊತ್ತು ಹಿಡಿದು ಅಗ್ನಿಗೆ ಕೆಲಸ ಕೊಡುವಂಥದು, ಆದರೆ ಮೈಗೆ ಪುಷ್ಟಿಯನ್ನು ತುಂಬದಂಥದು. ಜವೆ, ನವಣೆ, ಸಾಮೆ, ಹಾರಕ, ಹೆಸರು, ಹುರುಳಿ, ಪಡುವಲ, ನೆಲ್ಲಿ, ಇವು ಅವನು ಹೇಳುವ ಪಥ್ಯದ ಸಾಮಗ್ರಿ. ನಮ್ಮ ಬಯಲುಸೀಮೆಯ ಬಡವರ ಮನೆಗಳಲ್ಲಿ ನೆನ್ನೆ ಮೊನ್ನೆಯವರೆಗೆ ಬೇಯುತ್ತಿದ್ದ ಧಾನ್ಯಗಳೇ ಇವುಗಳಲ್ಲಿ ಬಹುಪಾಲೆಂಬುದನ್ನು ಓದುಗರು ಗಮನಿಸದೆ ಇರಲಾರರು.

ಮೂಲಿಕೆಗಳ ಪಟ್ಟಿ ಆ ಅಧ್ಯಾಯದಲ್ಲಿ ಬಹಳ ಉದ್ದವಾಗಿಲ್ಲ. ಅಮೃತಬಳ್ಳಿ, ಕೊನ್ನಾರಿಗೆಡ್ಡೆ, ತ್ರಿಫಲೆ, ತಕ್ರಾರಿಷ್ಟ, ಜೇನು; ವಾಯುವಿಳಂಗ, ಶುಂಠಿ, ಕ್ಷಾರ, ಜೇನಿನೊಡನೆ ಲೋಹಭಸ್ಮ; ಬಿಲ್ವವೇ ಮೊದಲಾದ ಪಂಚಮೂಲಗಳು; ಅಗ್ನಿಮಂಥದ ರಸದೊಡನೆ ಶಿಲಾಜಿತು. ಇವುಗಳಲ್ಲಿ ಅರ್ಧಕ್ಕೆ ಹೆಚ್ಚಿನವು ಇಂದಿಗೂ ಪೇಟೆಬೀದಿಯ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ. ಚೀಟಿಯನ್ನು ಕೊಟ್ಟರೆ ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿ ಅದನ್ನು ಓದಿ, ಸಾಲು ಡಬ್ಬಿಗಳಿಂದ ಅಳಲೆ, ತಾರೆ, ನೆಲ್ಲಿಚೆಟ್ಟುಗಳನ್ನು ಬೇರೆಬೇರೆಯಾಗಿ ತೂಗಿ, ಕಾಗದದ ಪೊಟ್ಟಣಗಳನ್ನು ಕಟ್ಟಿ ದಾರ ಸುತ್ತಿ, ಗಿರಾಕಿಯ ಹೊಟ್ಟೆಯ ಕಡೆಗೊಮ್ಮೆ ನೋಡಿ, “ರಾತ್ರಿ ಊಟ ಕಮ್ಮಿ ಮಾಡ್ಕೊಳಿ ಸ್ವಾಮಿ, ಬರೀ ಪುಡೀಲಿ ಏನೂ ಆಗೋಲ್ಲ” ಎಂದು ಬೆಲೆ ಕಟ್ಟದ ಮಾತೊಂದನ್ನೂ ಪೊಟ್ಟಣದ ಜತೆಗೆ ಸೇರಿಸಿ ಕೊಡುವುದುಂಟು. ವ್ಯಾಪಾರಿಯ ಲಾಭಕ್ಕೆ ವಿರೋಧವಾದ ಈ ಮಾತೇ ಚರಕನ ಅಧ್ಯಾಯದ ಸಾರ. ಏಕೆಂದರೆ ಮೂಲಿಕೆಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ ಆಚಾರ್ಯನು, ಮೈಯ ಭಾರವನ್ನು ಕಳೆದುಕೊಳ್ಳಲು ಬಯಸುವವನು ಜಾಗರಣೆ, ವ್ಯಾಯಾಮ, ಚಿಂತನೆ ಮೊದಲಾದವುಗಳನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹೋಗತಕ್ಕದ್ದೆಂದು ವಿಧಿಸುತ್ತಾನೆ. ಕಾರಣಗಳಲ್ಲಿ ಅಚಿಂತನವನ್ನು ಹೇಳಿದವನು ಚಿಕಿತ್ಸೆಯಲ್ಲಿ ಚಿಂತನವನ್ನು ವಿಧಿಸಿದ್ದಾನೆ. ಗ್ರಂಥಿಗೆ ಅಂಗಡಿಯಲ್ಲಿ ಸಿಗದ ದ್ರವ್ಯವೆಂದರೆ ಇದೊಂದೇ.

ಚಿಂತನವೆಂದರೆ ಇಲ್ಲಿ ಯಾವುದು? ಮನೆವಾರ್ತೆಯ ಚಿಂತೆಯಿಂದ ಸೊರಗುವುದನ್ನು ಆಚಾರ್ಯನು ಔಷಧವೆಂದು ಹೇಳಿದನೆ? ಹಾಗೆ ಓದಲು ಅವಕಾಶವಿದೆಯಾದರೂ, ಅದೇ ಸಂಹಿತೆಯು ರೋಗಗಳ ಮೂಲವನ್ನು ವಿಚಾರಿಸುವ ಇನ್ನೊಂದು ಪ್ರಕರಣವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದಾಗ ಅರ್ಥವು ವಿಸ್ತಾರವಾಗುತ್ತದೆ. ಇಂದ್ರಿಯಗಳು ತಮಗೆ ಹೊಂದದ ವಿಷಯಗಳೊಡನೆ ಕೂಡುವುದು, ಕಾಲದ ಪರಿಣಾಮ, ಪ್ರಜ್ಞಾಪರಾಧ ಎಂದು ರೋಗಕಾರಣಗಳು ಮೂರು. ಇವುಗಳಲ್ಲಿ ಪ್ರಜ್ಞಾಪರಾಧವೆಂಬುದು ಧೀ, ಧೃತಿ, ಸ್ಮೃತಿಗಳೆಂಬ ಮೂರು ಶಕ್ತಿಗಳ ಭ್ರಂಶದಿಂದ ಮನುಷ್ಯನು ಮಾಡುವ ಅಶುಭಕರ್ಮವೆಂದು ಶಾರೀರಸ್ಥಾನದ ಮೊದಲನೆಯ ಅಧ್ಯಾಯವು ವಿವರಿಸುತ್ತದೆ. ಹಿತವನ್ನು ಅಹಿತವೆಂದೂ ಅಹಿತವನ್ನು ಹಿತವೆಂದೂ ತಿಳಿಯುವುದು ಧೀಭ್ರಂಶ. ತಿಳಿದಿದ್ದರೂ ವಿಷಯದ ಕಡೆಗೆ ಹರಿಯುವ ಮನಸ್ಸನ್ನು ಹಿಡಿದು ನಿಲ್ಲಿಸಲಾರದಿರುವುದು ಧೃತಿಭ್ರಂಶ. ತಿಳಿದದ್ದು ಬೇಕಾದ ಹೊತ್ತಿನಲ್ಲಿ ನೆನಪಿಗೆ ಬಾರದಿರುವುದು ಸ್ಮೃತಿಭ್ರಂಶ. ಸ್ಥೂಲನ ಊಟದ ಎಲೆಯ ಮುಂದೆ ಈ ಮೂರನ್ನೂ ಇಟ್ಟು ನೋಡೋಣ. ಒಬ್ಬಟ್ಟಿನ ಮೇಲೆ ಮೂರನೆಯ ಸಲ ತುಪ್ಪ ಬೀಳುವಾಗ, ಅದು ಹಿತವಲ್ಲವೆಂಬುದು ಅವನಿಗೆ ತಿಳಿಯದೆ ಇಲ್ಲ. ಊಟಕ್ಕೆ ಮೊದಲು ಕೇಳಿದ್ದರೂ ಹೇಳುತ್ತಿದ್ದನು, ಕೈ ತೊಳೆದ ಮೇಲೆ ಕೇಳಿದರೂ ಹೇಳುವನು. ಆ ತಿಳಿವಳಿಕೆಯು ಎಲೆಗೂ ಬಾಯಿಗೂ ನಡುವಣ ಗೇಣುದೂರದಲ್ಲಿ ಎಲ್ಲಿಯೋ ಮರೆಯಾಗಿ, ಊಟ ಮುಗಿದ ಮೇಲೆ ಮರಳಿ ಬರುತ್ತದೆ. ಆದಕಾರಣ ಇಂಥವರಲ್ಲಿ ಬಹುಮಂದಿಯ ವ್ಯಾಧಿಗೆ ಮೂಲವು ಅಜ್ಞಾನದಲ್ಲಿರುವುದಕ್ಕಿಂತ ಹೆಚ್ಚಾಗಿ ಸ್ಮೃತಿಯ ಈ ತಾತ್ಕಾಲಿಕ ಲೋಪದಲ್ಲಿದೆ ಎನ್ನಬೇಕಾಗುತ್ತದೆ. ಧೃತಿಯು ಸಹ, ಕಾಯಬೇಕಾದದ್ದು ಏನೆಂಬುದು ನೆನಪಿದ್ದಾಗಲಲ್ಲವೆ ಕಾಯಬಲ್ಲುದು?

ಈ ಲೋಪಕ್ಕೆ ಮದ್ದು ಯಾವುದೆಂಬುದನ್ನು ಸಂಯುತ್ತನಿಕಾಯದ ಕೋಸಲಸಂಯುತ್ತದಲ್ಲಿ ಬರುವ ಒಂದು ಚಿಕ್ಕ ಪ್ರಸಂಗವು ಆಯುರ್ವೇದದ ಪರಿಭಾಷೆಯೊಂದನ್ನೂ ಬಳಸದೆ ತೋರಿಸಿಕೊಡುತ್ತದೆ. ಕೋಸಲದ ದೊರೆ ಪಸೇನದಿ, ಸಂಸ್ಕೃತದವರು ಪ್ರಸೇನಜಿತ್ತೆಂದು ಕರೆಯುವವನು, ದಿನಕ್ಕೆ ಒಂದು ದ್ರೋಣದಷ್ಟು ಅಕ್ಕಿಯ ಅನ್ನವನ್ನು ಉಣ್ಣುತ್ತಿದ್ದನು. ಹಾಗೆ ಉಂಡು ಒಮ್ಮೆ ಶ್ರಾವಸ್ತಿಯಲ್ಲಿ ಬುದ್ಧನ ಬಳಿಗೆ ಏದುತ್ತ ಬಂದು ಕುಳಿತನು. ಬುದ್ಧನು ಅವನ ಸ್ಥಿತಿಯನ್ನು ಕಂಡು, ಸದಾ ಎಚ್ಚರದಿಂದಿದ್ದು ದೊರೆತ ಊಟದಲ್ಲಿ ಮಿತಿಯನ್ನರಿತವನಿಗೆ ಬಾಧೆ ಕಡಿಮೆಯಾಗುವುದು, ಮುಪ್ಪು ತಡೆದು ಬರುವುದು ಎಂಬ ಅಭಿಪ್ರಾಯದ ಒಂದು ಗಾಥೆಯನ್ನು ಹೇಳಿದನು. ದೊರೆಯು ತಲೆದೂಗಿ ಮನೆಗೆ ಹೋಗಿದ್ದರೆ ಮರುದಿನದ ಊಟಕ್ಕೆ ಆ ಗಾಥೆಯು ಉಳಿಯುತ್ತಿರಲಿಲ್ಲ. ಅವನು ತನ್ನನ್ನು ತಾನು ಬಲ್ಲವನಾಗಿದ್ದನು. ಹಿಂದೆ ನಿಂತಿದ್ದ ಸುದಸ್ಸನನೆಂಬ ತರುಣನನ್ನು ಕರೆದು, ಈ ಗಾಥೆಯನ್ನು ಬಾಯಿಪಾಠಮಾಡಿಕೊಂಡು ನಾನು ಉಣ್ಣುವಾಗಲೆಲ್ಲ ಹೇಳು, ದಿನವೊಂದಕ್ಕೆ ನೂರು ಕಾರ್ಷಾಪಣಗಳನ್ನು ಕೊಡುವೆನೆಂದು ನೇಮಿಸಿದನು. ಕ್ರಮೇಣ ದೊರೆಯ ಊಟವು ಒಂದು ನಾಳಿಯ ಅಳತೆಗೆ ಇಳಿದು ನಿಂತಿತು. ಮೈ ಹಗುರಾದ ಮೇಲೆ ಒಂದು ದಿನ ತನ್ನ ಅಂಗಾಂಗಗಳನ್ನು ಕೈಯಿಂದ ಸವರಿಕೊಳ್ಳುತ್ತ, ಇಹದ ಹಿತ ಪರದ ಹಿತ ಎರಡರಲ್ಲಿಯೂ ಭಗವಂತನು ನನಗೆ ಅನುಕಂಪೆ ತೋರಿದನಲ್ಲಾ ಎಂದು ಉದ್ಗರಿಸಿದನು. ಧಮ್ಮಪದದ ಅಟ್ಠಕಥೆಯು ಇದಕ್ಕೆ ಇನ್ನೊಂದು ವಿವರವನ್ನು ಸೇರಿಸುತ್ತದೆ. ಗಾಥೆಯನ್ನು ಮೊದಲ ತುತ್ತಿನಲ್ಲಿ ಹೇಳುವುದಲ್ಲ, ದೊರೆಯು ಕೊನೆಯ ತುತ್ತನ್ನು ಎತ್ತುವಾಗ ಹೇಳಬೇಕು. ಆಗ ಅವನು ಬಿಟ್ಟ ತುತ್ತಿನಲ್ಲಿರುವ ಅಗುಳುಗಳನ್ನು ಎಣಿಸಿ, ಮರುದಿನ ಅಷ್ಟು ಅಕ್ಕಿಯನ್ನು ಕಡಿಮೆ ಬೇಯಿಸಬೇಕು. ಈ ದಿನದ ಕೊನೆಯ ತುತ್ತು ನಾಳೆಯ ಅಡಿಗೆಯಲ್ಲಿ ಇಲ್ಲವಾಗುತ್ತದೆ. ಮನಶ್ಶಾಸ್ತ್ರದ ಮರ್ಮವನ್ನರಿತವನು ಹೇಳಿದ ಮಾತು ಇದು: ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕೆಂದು ಚರಕನು ಹೇಳಿದ ಕ್ರಮವೇ ಇಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸುವ ಕ್ರಮವಾಗಿದೆ.

ಈಗ ನಮ್ಮ ಮೂಲಪ್ರಶ್ನೆಗೆ ಬರಬಹುದು. ದೊರೆಯು ತನ್ನ ಸಂಯಮಕ್ಕೆ ಹಣ ಕೊಟ್ಟನಲ್ಲವೆ? ಋತ್ವಿಜನಿಗೆ ದಕ್ಷಿಣೆ ಕೊಟ್ಟಂತೆ ಸುದಸ್ಸನನಿಗೆ ಕಾರ್ಷಾಪಣ ಕೊಟ್ಟನಲ್ಲವೆ? ಕೊಟ್ಟನು, ಆದರೆ ಯಾವ ಕೆಲಸಕ್ಕೆ ಕೊಟ್ಟನೆಂಬುದನ್ನು ನೋಡಬೇಕು. ದೊರೆಯ ಪರವಾಗಿ ಸುದಸ್ಸನನು ಕಡಿಮೆ ಉಣ್ಣಲಿಲ್ಲ, ದೊರೆಯ ಕೈಯನ್ನು ಹಿಡಿದೆಳೆಯಲಿಲ್ಲ, ಎಲೆಯನ್ನು ಕಿತ್ತುಕೊಳ್ಳಲಿಲ್ಲ. ಮರೆವಿನ ಆ ಗೇಣುದೂರದಲ್ಲಿ ನಿಂತು ನೆನಪಿಸಿದನು, ಅಷ್ಟೆ. ತುತ್ತನ್ನು ಇಳಿಸಿದ ಕೈ ದೊರೆಯದೇ. ಹೀಗಿರಲಾಗಿ ಧರ್ಮಜೀವನದಲ್ಲಿ ಪ್ರತಿನಿಧಿಯೆಂಬ ಒಬ್ಬನೂ ಸ್ಮಾರಕನೆಂಬ ಇನ್ನೊಬ್ಬನೂ ಇದ್ದು, ಮೊದಲನೆಯವನು ನಮ್ಮ ಕರ್ತೃತ್ವವನ್ನು ತಾನು ವಹಿಸಿಕೊಳ್ಳುತ್ತಾನೆ, ಎರಡನೆಯವನು ಅದನ್ನು ನಮಗೆ ಮರಳಿ ಒಪ್ಪಿಸುತ್ತಾನೆ ಎಂದು ಹೇಳಬಹುದು. ಸ್ಮಾರಕನ ನೆರವನ್ನು ಪಡೆಯುವುದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ. ಸ್ವಂತ ಬಲದಿಂದಲೇ ಎಲ್ಲವನ್ನೂ ಗೆಲ್ಲುವೆನೆಂಬ ಹೆಮ್ಮೆಗಿಂತ, ನಾನು ಮರೆಯುವವನು ಎಂದು ಒಪ್ಪಿಕೊಂಡು ಮರೆವಿಗೆ ಮೊದಲೇ ಕಾವಲಿಟ್ಟ ದೊರೆಯ ವಿವೇಕವು ದೊಡ್ಡದು. ಮೂಲಿಕೆಯು ನ್ಯಾಯವಾಗಿ ಏರಬಹುದಾದ ಪದವಿ ಈ ಸ್ಮಾರಕನದೆಂಬುದು ನನ್ನ ಅಭಿಪ್ರಾಯ. ಅಮೃತಬಳ್ಳಿಗೂ ಚಿತ್ರಮೂಲಕ್ಕೂ ಅಗ್ನಿಯನ್ನು ಸರಿಪಡಿಸುವ ಗುಣವನ್ನು ಶಾಸ್ತ್ರವು ಹೇಳಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಳಗಿನ ಹೊತ್ತು ಬರಿಯ ಹೊಟ್ಟೆಯಲ್ಲಿ ಕಹಿಯಾದ ಕಷಾಯವನ್ನು ಕುಡಿದವನಿಗೆ ಆ ಕಹಿಯೇ ದಿನದ ಮೊದಲ ಗಾಥೆಯಾಗಬಹುದು. ಔಷಧದ ಕಾಲ, ಅನುಪಾನ, ಪಥ್ಯಗಳ ಕಟ್ಟಳೆಯೇ ಅವನ ಎಲೆಯ ಪಕ್ಕದಲ್ಲಿ ನಿಂತ ಸುದಸ್ಸನನಾಗಬಹುದು.

ಇದಕ್ಕೆ ಪ್ರತಿಯಾಗಿ, ಮೂಲಿಕೆಯನ್ನು ಪಥ್ಯದಿಂದ ಬೇರ್ಪಡಿಸಿ ಪ್ರತಿನಿಧಿಯ ಪೀಠದಲ್ಲಿ ಕೂರಿಸಿದಾಗ ಏನಾಗುವುದೆಂಬುದಕ್ಕೆ ನಮ್ಮ ಸಹ್ಯಾದ್ರಿಯ ಕಾಡಿನಲ್ಲಿಯೇ ಒಂದು ನಿದರ್ಶನವುಂಟು. ಉತ್ತರ ಕನ್ನಡದ ಶಿರಸಿ ಸಿದ್ಧಾಪುರಗಳ ಕಡೆಯವರಿಗೆ ಉಪ್ಪಾಗೆಯ ಮರವನ್ನು ಪರಿಚಯಿಸಿಕೊಡಬೇಕಾಗಿಲ್ಲ. ಅದರ ಹಣ್ಣಿನ ಸಿಪ್ಪೆಯು ಒಣಗಿದ ಮೇಲೆ ಹುಣಿಸೆಯಂತೆ ಅಡಿಗೆಗೆ ಹುಳಿಯಾಗುತ್ತದೆ. ಬೀಜವನ್ನು ಒಣಗಿಸಿ ಜಜ್ಜಿ ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಜಿಡ್ಡನ್ನು ತೆಗೆದು ಆರಿಸಿ ಉಪ್ಪಾಗೆ ತುಪ್ಪವೆಂದು ದೋಸೆಗೆ ಹಚ್ಚಿಕೊಳ್ಳುತ್ತಾರೆ. 1990ರ ದಶಕದಲ್ಲಿ, ಆ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ಕೊಬ್ಬನ್ನು ಕರಗಿಸುವುದೆಂಬ ವಾರ್ತೆ ಪಾಶ್ಚಾತ್ಯ ದೇಶಗಳಲ್ಲಿ ಹಬ್ಬಲಾಗಿ, ಸಿಪ್ಪೆಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಫಲವು ಬಲಿಯುವ ಮೊದಲೇ ಕೊಂಬೆಗಳನ್ನು ಕಡಿದು ಕಾಯಿಯನ್ನು ಇಳಿಸಿದವರುಂಟು. ಹಣ್ಣಾಗುವುದು ಮಳೆಗಾಲದಲ್ಲಿಯಾದುದರಿಂದ ಸಿಪ್ಪೆಯನ್ನು ಒಲೆಯ ಮೇಲಿಟ್ಟು ಒಣಗಿಸಲು ಕಾಡಿನ ಸೌದೆ ಹೇರಳವಾಗಿ ಉರಿಯಿತು. ಒಂದೇ ಮರದ ಬೀಜದ ಕೊಬ್ಬನ್ನು ಕಾಡಿನ ಮನೆಯವರು ಸಂತೋಷದಿಂದ ಉಣ್ಣುತ್ತಿರಲು, ಅದರ ಸಿಪ್ಪೆಯು ಸಮುದ್ರ ದಾಟಿ ಪರದೇಶದವರ ಕೊಬ್ಬನ್ನು ಕರಗಿಸಹೊರಟಿತು. 1998ರಲ್ಲಿ ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರಗಳ ಕಾಲ ನಡೆಸಿದ ಪರೀಕ್ಷೆಯಲ್ಲಿ, ಅದನ್ನು ಸೇವಿಸಿದವರ ತೂಕವು ಸತ್ತ್ವವಿಲ್ಲದ ಹುಸಿಮಾತ್ರೆಯನ್ನು ಸೇವಿಸಿದವರ ತೂಕಕ್ಕಿಂತ ಹೆಚ್ಚಾಗಿ ಇಳಿದುದು ಕಂಡುಬರಲಿಲ್ಲ. ಆಯುರ್ವೇದದ ಹೆಸರನ್ನು ಹೊದ್ದು ಇಂದಿಗೂ ಮಾರಾಟವಾಗುತ್ತಿರುವ ಈ ಸಿಪ್ಪೆಗೆ ಆಯುರ್ವೇದದ ಸೂತ್ರವೇ ಅನುಕೂಲವಾಗಿಲ್ಲವೆಂಬುದು ಇನ್ನೊಂದು ವಿನೋದ: ಕಟು, ತಿಕ್ತ, ಕಷಾಯರಸಗಳು ಮೈಯನ್ನು ಕೃಶಗೊಳಿಸುವುವೆಂದು ಹೇಳುವ ಶಾಸ್ತ್ರವು, ಹುಳಿಯಾದ ರಸಕ್ಕೆ ಬೃಂಹಣದ, ಎಂದರೆ ದೇಹವನ್ನು ಪುಷ್ಟಿಗೊಳಿಸುವ, ಗುಣವನ್ನು ಹೇಳುತ್ತದೆ.

ಶಾಸ್ತ್ರದಲ್ಲಿಯೇ ಮೇದೋಹರವೆಂದು ಖ್ಯಾತವಾದ ಗುಗ್ಗುಲುವಿನ ಚರಿತ್ರೆಯೂ ಎಚ್ಚರಿಕೆಯನ್ನೇ ಹೇಳುತ್ತದೆ. ಸುಶ್ರುತನ ಮಾತಿನ ಜಾಡನ್ನು ಹಿಡಿದು ಡಾ. ಜಿ. ವಿ. ಸತ್ಯವತಿಯವರು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಮೊಲಗಳ ಮೇಲೆ ನಡೆಸಿ 1966ರಲ್ಲಿ ಸಲ್ಲಿಸಿದ ಸಂಶೋಧನೆಯು, ಪ್ರಾಚೀನ ವಾಕ್ಯವನ್ನು ಪ್ರಯೋಗಶಾಲೆಗೆ ತಂದ ಆದರಣೀಯವಾದ ಪ್ರಯತ್ನವಾಗಿತ್ತು. ರಕ್ತದ ಕೊಲೆಸ್ಟರಾಲನ್ನು ಗುಗ್ಗುಲುವು ತಗ್ಗಿಸುವುದೆಂದು ಅದರಿಂದ ಕಂಡುಬಂದಿತು. 2003ರಲ್ಲಿ ಅಮೆರಿಕದಲ್ಲಿ ಮನುಷ್ಯರ ಮೇಲೆ 8 ವಾರಗಳ ಪರೀಕ್ಷೆ ನಡೆಸಿದಾಗ ಅಂಥ ಫಲ ಕಾಣಲಿಲ್ಲ, ಕೆಟ್ಟ ಕೊಲೆಸ್ಟರಾಲು ಕೊಂಚ ಏರಿದ್ದೂ ಉಂಟು. ಈ ನಡುವೆ ರಾಜಸ್ಥಾನ ಗುಜರಾತುಗಳ ಒಣನೆಲದ ಆ ಗಿಡವು, ಅಂಟಿಗಾಗಿ ತೊಗಟೆಯನ್ನು ಗಾಯಗೊಳಿಸುವವರ ಆತುರದಿಂದ ಅಳಿವಿನ ಅಂಚಿಗೆ ಬಂದಿದೆ. ತನ್ನ ಮೈಯ ಅತಿಯನ್ನು ನೀಗಿಕೊಳ್ಳಲು ಭೂಮಿಯ ಮೈಯನ್ನು ಸೊರಗಿಸುವುದು ಅಪತರ್ಪಣವಾಗಲಾರದು. ಅತಿಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು, ಅಷ್ಟೆ. ನಮ್ಮ ಸರಕಾರವು 1954ರಲ್ಲಿ ಔಷಧಗಳ ಹಾಗೂ ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯಲು ಮಾಡಿದ ಕಾನೂನಿನಲ್ಲಿ, ಗುಣಪಡಿಸುವೆವೆಂದು ಸಾರಿ ಜಾಹೀರಾತು ಕೊಡಬಾರದ ವ್ಯಾಧಿಗಳ ಪಟ್ಟಿಯೊಳಗೆ ಬೊಜ್ಜನ್ನೂ ಸೇರಿಸಿದೆ. ಪಥ್ಯವಿಲ್ಲದೆಯೇ ಬೊಜ್ಜು ಕರಗಿಸುವೆವೆಂಬ ಘೋಷಣೆಗಳು ಇಂದಿಗೂ ಗೋಡೆಗೋಡೆಗಳ ಮೇಲೆ ರಾರಾಜಿಸುತ್ತಿರುವುದನ್ನು ನೋಡಿದರೆ, ಪ್ರತಿನಿಧಿಯನ್ನು ಬಯಸುವ ಮನುಷ್ಯನ ಆಸೆಯು ಕಾನೂನಿಗಿಂತ ಬಲವಾದದ್ದೆಂದು ತೋರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪವು ಏಳುವುದು ಸಹಜ. ಸ್ಥೌಲ್ಯವನ್ನು ಪ್ರಜ್ಞಾಪರಾಧದೊಡನೆ ಜೋಡಿಸಿದರೆ ಸ್ಥೂಲರೆಲ್ಲರನ್ನೂ ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿದಂತಾಗಲಿಲ್ಲವೆ? ಈ ಆಕ್ಷೇಪವನ್ನು ನಾನು ಲಘುವೆಂದು ಭಾವಿಸುವುದಿಲ್ಲ. ಬೀಜಸ್ವಭಾವವನ್ನು ಕಾರಣಗಳಲ್ಲಿ ಸೇರಿಸಿದ ಆಚಾರ್ಯನೇ ಇದಕ್ಕೆ ಮೊದಲ ಸಮಾಧಾನವನ್ನು ಕೊಟ್ಟಿದ್ದಾನೆ. ಹುಟ್ಟಿನಿಂದ ಬಂದದ್ದಕ್ಕೆ ಹೊಣೆ ಯಾರು? ಗ್ರಂಥಿಗಳ ವಿಕಾರದಿಂದ ಮೈ ಬಂದವರೂ, ಬೇರೆ ರೋಗಕ್ಕೆ ತೆಗೆದುಕೊಂಡ ಔಷಧದಿಂದ ಮೈ ಬಂದವರೂ ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ, ಅವರಿಗೆ ಬೇಕಾದದ್ದು ಉಪದೇಶವಲ್ಲ, ವೈದ್ಯ. ಎತ್ತರದವನನ್ನೂ ಗಿಡ್ಡನನ್ನೂ ಬಣ್ಣದ ಭೇದವುಳ್ಳವರನ್ನೂ ಅದೇ ಎಂಟರ ಎಣಿಕೆಯಲ್ಲಿ ಸೇರಿಸಿರುವುದರಿಂದಲೇ, ಅಲ್ಲಿಯ ನಿಂದೆಯು ನೀತಿಯನ್ನು ಕುರಿತದ್ದಲ್ಲವೆಂಬುದು ಸ್ಪಷ್ಟ. ಪ್ರತಿ ಶುಭಕಾರ್ಯದ ಮೊದಲಲ್ಲಿ ಲಂಬೋದರನನ್ನು ಪೂಜಿಸಿ ಅವನ ಮುಂದೆ ಕಡುಬನ್ನೂ ಮೋದಕವನ್ನೂ ರಾಶಿಯಿಡುವ ಜನಕ್ಕೆ ದೊಡ್ಡ ಹೊಟ್ಟೆಯನ್ನು ಕಂಡು ಹಾಸ್ಯಮಾಡುವ ಅಧಿಕಾರ ಎಲ್ಲಿಂದ ಬಂದಿತು? ಪ್ರಜ್ಞಾಪರಾಧವೆಂಬುದು ಪ್ರತಿಯೊಬ್ಬನೂ ತನ್ನ ಎಲೆಯ ಮುಂದೆ ಕುಳಿತು ತನ್ನನ್ನು ಪರೀಕ್ಷಿಸಿಕೊಳ್ಳಲು ಇಟ್ಟ ಮಾತು. ಪಕ್ಕದ ಎಲೆಯವನನ್ನು ಅಳೆಯಲು ಬಳಸಿದರೆ ಅದೇ ಒಂದು ಪ್ರಜ್ಞಾಪರಾಧವಾಗುತ್ತದೆ. ಬುದ್ಧನು ದೊರೆಗೆ ಹೇಳಿದ ಗಾಥೆಯಲ್ಲಿ ನಿಂದೆಯ ಒಂದು ಮಾತೂ ಇಲ್ಲದಿರುವುದನ್ನು ಇಲ್ಲಿ ನೆನೆಯಬೇಕು.

ಇನ್ನೊಂದು ಅತಿಯುಂಟು, ಅದು ಅನ್ನದ್ವೇಷ. ಮೈ ಇಳಿಸಲು ಹೊರಟವನು ಕೆಲವು ದಿನಗಳಲ್ಲಿಯೇ ಅನ್ನವನ್ನು ಶತ್ರುವಿನಂತೆ ನೋಡತೊಡಗುತ್ತಾನೆ. ಮನೆಯವರು ಪ್ರೀತಿಯಿಂದ ಬಡಿಸಿದ್ದರಲ್ಲಿ ಅವನಿಗೆ ಕಾಣುವುದು ಬರಿಯ ಲೆಕ್ಕ. ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯು, ಅನ್ನವೇ ಬ್ರಹ್ಮವೆಂಬಲ್ಲಿಂದ ಹೊರಟು ಆನಂದದವರೆಗೆ ಏರಿದ ಮೇಲೂ, ಕೆಳಗಿನ ಮೆಟ್ಟಿಲನ್ನು ಮರೆಯದೆ ಅನ್ನವನ್ನು ನಿಂದಿಸದಿರುವುದನ್ನು ಒಂದು ವ್ರತವಾಗಿ ವಿಧಿಸಿದೆ. ಮಿತವಾಗಿ ಉಣ್ಣುವುದಕ್ಕೂ ಅನ್ನವನ್ನು ಹಗೆಯಾಗಿ ಕಾಣುವುದಕ್ಕೂ ಬಹಳ ಅಂತರವಿದೆ. ಜೈನರ ಆರು ಬಾಹ್ಯತಪಸ್ಸುಗಳಲ್ಲಿ ಅನಶನದ ಬೆನ್ನಿಗೇ ಅವಮೌದರ್ಯವನ್ನು, ಎಂದರೆ ಹೊಟ್ಟೆಯಲ್ಲಿ ಇನ್ನೂ ಜಾಗವಿರುವಾಗಲೇ ಏಳುವುದನ್ನು, ಹೇಳಿದ್ದಾರೆ. ಉಣ್ಣದೆ ಇರುವುದಕ್ಕಿಂತ ಉಣ್ಣುತ್ತಿರುವಾಗ ನಿಲ್ಲಿಸುವುದು ಕಷ್ಟವೆಂಬುದನ್ನು ಬಲ್ಲವರಿಗೆ, ಅದು ಉಪವಾಸಕ್ಕಿಂತ ಕೆಳಗಿನ ತಪಸ್ಸಾಗಿ ತೋರುವುದಿಲ್ಲ. ನಮ್ಮ ಮನೆಗಳ ಏಕಾದಶಿಯನ್ನೇ ನೋಡಿ: ನಿರ್ಜಲವಾಗಿದ್ದು ದ್ವಾದಶಿಯ ಬೆಳಗ್ಗೆ ಅಗಸೆಸೊಪ್ಪು ನೆಲ್ಲಿಕಾಯಿಗಳೊಡನೆ ಪಾರಣೆ ಮಾಡುವ ನಿಷ್ಠರು ಒಂದು ಕಡೆ, ಅನ್ನವೊಂದನ್ನು ಬಿಟ್ಟು ಅವಲಕ್ಕಿ, ಉಪ್ಪಿಟ್ಟು, ಸಜ್ಜಿಗೆ, ಹಣ್ಣು ಹಾಲುಗಳಿಂದ ಊಟಕ್ಕಿಂತ ಭಾರವಾದ ಫಲಾಹಾರ ಮಾಡಿ ಮಧ್ಯಾಹ್ನ ನಿದ್ರಿಸುವವರು ಇನ್ನೊಂದು ಕಡೆ. ವ್ರತವು ಎರಡು ಕಡೆಯೂ ಇದೆ, ಸ್ಮೃತಿಯು ಒಂದು ಕಡೆ ಮಾತ್ರ ಇದೆ. ವ್ರತವೇ ಹೀಗೆ ಬರಿಯ ಪ್ರತಿನಿಧಿಯಾಗಿ ಉಳಿಯಬಲ್ಲುದಾದರೆ ಚೂರ್ಣದ ಪಾಡೇನು?

ಮೈ ಇಳಿಸುವ ಆಸೆಯಿಂದ ಮಾಡಿದ ಉಪವಾಸಕ್ಕೆ ಪುಣ್ಯವುಂಟೆ ಎಂದು ಕೆಲವರು ಕೇಳುತ್ತಾರೆ. ಮೀಮಾಂಸಕರ ಲೆಕ್ಕದಲ್ಲಿ ಅದು ಕಾಮ್ಯ, ಸಂಕಲ್ಪದಂತೆ ಫಲ. ಆದರೆ ಪಸೇನದಿಯ ಕಥೆಯು ಈ ವಿಭಾಗವನ್ನು ಕೊಂಚ ಸಡಿಲಿಸುತ್ತದೆ. ಅವನು ಬಂದದ್ದು ಏದುಸಿರಿನಿಂದ ಬಿಡುಗಡೆಗಾಗಿ. ದಿನದಿನವೂ ಒಂದು ತುತ್ತಿನ ಮುಂದೆ ಎಚ್ಚರಗೊಂಡು ಎಚ್ಚರಗೊಂಡು, ಕೊನೆಗೆ ಇಹಪರಗಳೆರಡೂ ಅವನಿಗೆ ಒಂದೇ ಕ್ರಿಯೆಯಲ್ಲಿ ಕಂಡವು. ಚರಕನೂ ಮನುಷ್ಯನ ಏಷಣೆಗಳನ್ನು ಪ್ರಾಣ, ಧನ, ಪರಲೋಕ ಎಂಬ ಕ್ರಮದಲ್ಲಿ ಹೇಳಿ, ಪ್ರಾಣದ ರಕ್ಷಣೆಯನ್ನು ಮೊದಲಲ್ಲಿ ಇಟ್ಟಿದ್ದಾನೆ. ಸಣ್ಣ ಸಂಕಲ್ಪದಿಂದ ಹೊರಟು ದೊಡ್ಡ ಫಲವನ್ನು ಮುಟ್ಟುವುದಕ್ಕೆ ಅಡ್ಡಿಯಿಲ್ಲ, ದಾರಿಯಲ್ಲಿ ಸ್ಮೃತಿಯು ಜತೆಗಿರಬೇಕು, ಅಷ್ಟೆ.

ಹಾಗಾದರೆ ಒಂದು ಮೂಲಿಕೆಯು ಸ್ಮಾರಕವಾಗಿ ದುಡಿಯಿತೋ ಪ್ರತಿನಿಧಿಯಾಗಿ ನಮ್ಮನ್ನು ವಂಚಿಸಿತೋ ಎಂದು ತಿಳಿಯುವ ಬಗೆ ಯಾವುದು? ಅದನ್ನು ಸೇವಿಸುತ್ತಿರುವ ದಿನಗಳಲ್ಲಿ ತಕ್ಕಡಿಯು ಹೇಳುವ ಸಾಕ್ಷ್ಯವು ಸಾಲದು. ಔಷಧವೆಂಬುದು ನಿಲ್ಲಿಸುವುದಕ್ಕಾಗಿಯೇ ಆರಂಭಿಸತಕ್ಕ ವಸ್ತು. ನಿತ್ಯವೂ ಸೇವಿಸಬೇಕಾದದ್ದು ಆಹಾರ. ಪುಡಿಯ ಪೊಟ್ಟಣವು ಬರಿದಾದ ಮೇಲೆ, ಕಷಾಯದ ಪಾತ್ರೆಯನ್ನು ಬೋರಲು ಹಾಕಿದ ಮೇಲೆ, ಹಿಂದಿನ ಹಸಿವು ಹಿಂದಿನಂತೆಯೇ ಬಂದು ಹಿಂದಿನ ಕೈಯಿಂದಲೇ ಬಡಿಸಿಕೊಂಡರೆ, ಆ ಮೂಲಿಕೆಯು ನಮ್ಮ ಪರವಾಗಿ ಕೆಲವು ದಿನ ಕೆಲಸಮಾಡಿ ಸಂಬಳ ತೆಗೆದುಕೊಂಡು ಹೋಯಿತೆಂದು ತಿಳಿಯಬೇಕು. ಅದಿಲ್ಲದಾಗಲೂ ಕೈಯು ಸಾಕಾದ ಹೊತ್ತಿಗೆ ತಾನಾಗಿ ನಿಂತರೆ, ಇಳಿದ ತೂಕವು ಸೇರಿನಷ್ಟೇ ಆಗಿರಲಿ, ಅದು ವೈದ್ಯನೂ ಗುರುವೂ ಕೂಡಿ ಮಾಡುವ ಕೆಲಸವನ್ನು ಮಾಡಿತು. ತೂಕವನ್ನು ಇಳಿಸಿದ ಔಷಧಗಳು ಪೇಟೆಯಲ್ಲಿ ಬಹಳ ಸಿಗಬಹುದು. ತನ್ನ ಅಗತ್ಯವನ್ನೇ ಇಳಿಸಿಕೊಂಡು ಹೋದ ಔಷಧವನ್ನೇ ನಮ್ಮ ಹಿರಿಯರು ಸಿದ್ಧೌಷಧವೆಂದು ಎಣಿಸುತ್ತಿದ್ದರೆಂದು ನನಗೆ ತೋರುತ್ತದೆ.